ಟೆಂಪ್ಲೇಟ್ ಆರಿಸುವ ಮೊದಲು ನಿಮ್ಮ ಅತಿ ಉದ್ದದ ವಿಭಾಗದ ಹೆಸರು ಹುಡುಕಿ

ವಿಶ್ವವಿದ್ಯಾಲಯಗಳ ವೆಬ್‌ಸೈಟಿಗೆಂದೇ ಮಾಡಿದ ಯಾವ ಟೆಂಪ್ಲೇಟಿನ, ಅಂದರೆ ಸಿದ್ಧ ಅಚ್ಚಿನ, ಡೆಮೊ ತೆರೆದರೂ ಒಬ್ಬಳು ಹುಡುಗಿ ಸಿಗುತ್ತಾಳೆ. ಹುಲ್ಲಿನ ಮೇಲೆ ಕೂತಿರುತ್ತಾಳೆ, ತೊಡೆಯ ಮೇಲೆ ಲ್ಯಾಪ್‌ಟಾಪ್, ಅದನ್ನು ನೋಡಿ ನಗುತ್ತಿರುತ್ತಾಳೆ. ಆ ಬಿಸಿಲಲ್ಲಿ ಪರದೆ ಕಾಣುವುದೇ ಇಲ್ಲ, ನಗು ಎಲ್ಲಿಂದ ಬಂತೋ! ಅವಳ ತಲೆಯ ಮೇಲೆ ದೊಡ್ಡ ಅಕ್ಷರದಲ್ಲಿ ನಾಲ್ಕು ಪದದ ಘೋಷಣೆ. ಕೆಳಗೆ ಮೂರು ಚೌಕ, ಮೂರರಲ್ಲೂ ಸರಿಯಾಗಿ ಎರಡೆರಡು ಸಾಲು. ಅದರ ಕೆಳಗೆ ನಾಲ್ವರು ಪ್ರಾಧ್ಯಾಪಕರು, ಎಲ್ಲರೂ ಒಂದೇ ಸ್ಟುಡಿಯೋದಲ್ಲಿ ಫೋಟೊ ತೆಗೆಸಿಕೊಂಡ ಹಾಗೆ. ಸಮಿತಿಯ ಸಭೆಯಲ್ಲಿ ಇದನ್ನು ಪ್ರೊಜೆಕ್ಟರ್‌ನಲ್ಲಿ ತೋರಿಸಿದರೆ ಸಾಕು, ಎಲ್ಲರೂ "ಇದೇ ಇರಲಿ" ಅನ್ನುತ್ತಾರೆ. ನಾನೂ ಒಮ್ಮೆ ಅಂದಿದ್ದೇನೆ.

ಆಮೇಲೆ ಏನಾಯಿತು ಅಂತ ಹೇಳುತ್ತೇನೆ. ಆ ಮೂರು ಚೌಕಗಳು ನಮ್ಮ ಪ್ರತಿ ವಿಭಾಗದ ಮುಖಪುಟಕ್ಕೂ ಬಂದವು. ಒಂದರಲ್ಲಿ ಕೋರ್ಸು, ಇನ್ನೊಂದರಲ್ಲಿ ಸಂಶೋಧನೆ, ಮೂರನೆಯದರಲ್ಲಿ ಸುದ್ದಿ. ಹೆಚ್ಚಿನ ವಿಭಾಗಗಳಲ್ಲಿ ವರ್ಷಕ್ಕೆ ಎರಡು ಸುದ್ದಿ ಆದರೆ ಅದೇ ಜಾಸ್ತಿ. ಚೌಕ ಖಾಲಿ ಬಿಡೋಣ ಅಂದರೆ ಪುಟವೇ ಸೊಟ್ಟಗಾಗುತ್ತಿತ್ತು. ಹಾಗಾಗಿ ಅಲ್ಲಿ "ಶೀಘ್ರದಲ್ಲೇ" ಅಂತ ಬರೆದರು. ಒಂದು ವಿಭಾಗದಲ್ಲಿ ಆ "ಶೀಘ್ರದಲ್ಲೇ" ನಾಲ್ಕು ವರ್ಷ ಇತ್ತು. ಇನ್ನೊಂದು ಕಡೆ ಒಬ್ಬರು ನಿವೃತ್ತರಾದ ದಿನದ ಬೀಳ್ಕೊಡುಗೆ ಫೋಟೊ ಹಾಕಿದ್ದರು. ಅವರ ನಂತರ ಇನ್ನಿಬ್ಬರು ನಿವೃತ್ತರಾದರು, ಫೋಟೊ ಮಾತ್ರ ಅದೇ. ವಿಭಾಗದವರನ್ನು ಬೈದು ಏನು ಪ್ರಯೋಜನ? ಅವರ ಹತ್ತಿರ ಇಲ್ಲದ್ದನ್ನು ಕೇಳುವ ಅಚ್ಚು ತಂದುಕೊಟ್ಟವರು ನಾವು.

ಡೆಮೊ ಮಾಡುವವರು ಟೆಂಪ್ಲೇಟಿನ ಅಳತೆಗೆ ಸರಿಯಾಗಿ ಮಾತು, ಫೋಟೊ ಎರಡನ್ನೂ ಹೊಲಿದಿರುತ್ತಾರೆ. ನಮ್ಮಲ್ಲಿ ಮಾತು ಮೊದಲೇ ಇದೆ, ಅದೂ ಬೇಕಾದಷ್ಟು ಇದೆ. ಆದ್ದರಿಂದ ಈಗ ನಾನು ಮಾಡುವ ಕೆಲಸ ಇಷ್ಟೇ: ಟೆಂಪ್ಲೇಟ್ ನೋಡುವ ಮೊದಲು ನಮ್ಮದೇ ಸೈಟಿನ ಅತಿ ತೊಂದರೆಯ ಐದು ಪುಟ ಹುಡುಕುತ್ತೇನೆ. ಚೆಂದದವಲ್ಲ, ತೊಂದರೆಯವು. ಅತಿ ಉದ್ದದ ಹೆಸರಿನ ವಿಭಾಗ ಒಂದು. "ಅಧ್ಯಯನ", "ಸಂಶೋಧನಾ", "ಅಂತರಶಿಸ್ತೀಯ", "ಕೇಂದ್ರ" ಎಲ್ಲ ಸೇರಿ ಎಂಟು ಪದ ಆಗುವಂಥದ್ದು ಪ್ರತಿ ವಿಶ್ವವಿದ್ಯಾಲಯದಲ್ಲೂ ಒಂದಾದರೂ ಇರುತ್ತದೆ. ಎರಡನೆಯದು, ಅರ್ಧ ಜನರ ಫೋಟೊ ಇಲ್ಲದ ಅಧ್ಯಾಪಕರ ಪಟ್ಟಿ. ಮೂರನೆಯದು, ಒಂಬತ್ತು ಕಾಲಮ್ಮಿನ ಶುಲ್ಕದ ಕೋಷ್ಟಕ. ನಾಲ್ಕನೆಯದು, ಹದಿನಾಲ್ಕು ಪಿಡಿಎಫ್ ನೇತುಹಾಕಿದ ಪರೀಕ್ಷಾ ನೋಟಿಸು. ಐದನೆಯದು, ಎರಡೇ ಸಾಲು ಇರುವ ಪುಟ. ಈ ಐದನ್ನೂ ಆ ಟೆಂಪ್ಲೇಟಿಗೆ ಸುರಿದು, ಫೋನಿನಲ್ಲಿ ತೆರೆದು ನೋಡಿ. ಆ ಹುಡುಗಿಯನ್ನು ತೆಗೆದ ಮೇಲೂ ಟೆಂಪ್ಲೇಟ್ ನಿಂತರೆ ಮಾತು ಮುಂದುವರಿಸೋಣ. ಎಷ್ಟೋ ಸಲ ಮೊದಲನೆಯ ಪುಟದಲ್ಲೇ ಬಿದ್ದುಹೋಗುತ್ತದೆ. ವಿಭಾಗದ ಹೆಸರು ಮೂರು ಸಾಲಾಗಿ ಮೆನುವಿನ ಮೇಲೆ ಹತ್ತಿ ಕೂತಿರುತ್ತದೆ.

ಟೆಂಪ್ಲೇಟ್ ಅನ್ನುವ ಪದದಿಂದಲೇ ಅರ್ಧ ಗೊಂದಲ. ನಾವು ಒಂದೇ ಪದದಲ್ಲಿ ಎರಡು ವಸ್ತುಗಳನ್ನು ಕರೆಯುತ್ತೇವೆ. ಇಡೀ ಸೈಟಿನ ಬಣ್ಣ, ಅಕ್ಷರ, ಹೆಡರ್, ಫೂಟರ್ ಇವೆಲ್ಲ ಒಂದು. ಇದನ್ನು ಥೀಮ್ ಅನ್ನೋಣ. ಒಂದೊಂದು ಜಾತಿಯ ಪುಟಕ್ಕೆ ಬೇಕಾದ ಅಚ್ಚು ಇನ್ನೊಂದು. ಸಮಿತಿಗಳು ಮೂರು ತಿಂಗಳು ಚರ್ಚೆ ಮಾಡುವುದು ಮೊದಲನೆಯದರ ಬಗ್ಗೆ. ಕೆಲಸಕ್ಕೆ ಬರುವುದು ಎರಡನೆಯದು. ಕೋರ್ಸಿನ ಪುಟಕ್ಕೆ ಒಂದು ಅಚ್ಚು ಬೇಕು: ಅರ್ಹತೆ, ಅವಧಿ, ಶುಲ್ಕ, ಕೊನೆಯ ದಿನಾಂಕ, ಅರ್ಜಿ ಹಾಕುವ ಕೊಂಡಿ, ಯಾರನ್ನು ಕೇಳಬೇಕು. ಇವು ಪ್ರತಿ ಕೋರ್ಸಿನಲ್ಲೂ ಒಂದೇ ಜಾಗದಲ್ಲಿ ಇರಬೇಕು. ಹತ್ತು ಕೋರ್ಸು ಹೋಲಿಸುವ ವಿದ್ಯಾರ್ಥಿಗೆ ಪ್ರತಿ ಪುಟದಲ್ಲೂ ಕಣ್ಣು ಹೊಸದಾಗಿ ಹುಡುಕಬಾರದು. ಅಧ್ಯಾಪಕರ ಪುಟಕ್ಕೆ ಒಂದು, ನೋಟಿಸಿಗೆ ಒಂದು, ಸುದ್ದಿಗೆ, ಕಾರ್ಯಕ್ರಮಕ್ಕೆ, ವಿಭಾಗದ ಮುಖಪುಟಕ್ಕೆ ಒಂದೊಂದು, ಉಳಿದ ಎಲ್ಲಕ್ಕೂ ಒಂದು ಸಾದಾ ಪುಟ. ಏಳೆಂಟರಲ್ಲಿ ಮುಗಿಯುತ್ತದೆ. "ನಮ್ಮ ಟೆಂಪ್ಲೇಟಿನಲ್ಲಿ 60 ಬಗೆಯ ಲೇಔಟ್ ಇದೆ" ಅಂತ ಯಾರಾದರೂ ಹೇಳಿದರೆ, ಅದರಲ್ಲಿ 52 ನಿಮಗೆ ಕಾಟ ಕೊಡಲು ಇರುವುದು ಅಂತ ತಿಳಿದುಕೊಳ್ಳಿ.

ನನ್ನಂಥ ಹಳಬರಿಗೆ ವೆಬ್ ಪುಟ ಕಟ್ಟುವ ತಂತ್ರಾಂಶ ಡ್ರೀಮ್‌ವೀವರ್ ನೆನಪಿರುತ್ತದೆ. 1997ರಲ್ಲಿ ಮ್ಯಾಕ್ರೋಮೀಡಿಯಾ ಅದನ್ನು ತಂದಿತು, 2005ರಲ್ಲಿ ಅಡೋಬಿ ಆ ಕಂಪನಿಯನ್ನೇ ಕೊಂಡಿತು. ಅದರಲ್ಲಿ ಟೆಂಪ್ಲೇಟ್ ಮಾಡಿದರೆ ಕೆಲವು ಜಾಗ ಬೀಗ ಹಾಕಿದ್ದು, ಕೆಲವು ಜಾಗ ತೆರೆದದ್ದು. ವಿಭಾಗದವರು ತೆರೆದ ಜಾಗದಲ್ಲಿ ಮಾತ್ರ ಬರೆಯಬಹುದು. ಮೂಲ ಬದಲಿಸಿದರೆ ಅದರಿಂದ ಹುಟ್ಟಿದ ಪುಟಗಳೆಲ್ಲ ಬದಲಾಗುತ್ತಿದ್ದವು. ಆದರೆ ಆ ಬದಲಾದ ಪುಟಗಳನ್ನೆಲ್ಲ ಮತ್ತೆ ಸರ್ವರಿಗೆ ಏರಿಸಬೇಕಿತ್ತು. ಜನವರಿಯಲ್ಲಿ ಫೂಟರಿನ ಇಸವಿ ಒಂದು ಬದಲಿಸಲು 600 ಪುಟ ಅಪ್‌ಲೋಡ್ ಮಾಡಿ ಕೂತದ್ದುಂಟು. ಈಗ ಇಡೀ ಸೈಟನ್ನು ಒಂದೇ ಕಡೆಯಿಂದ ನಡೆಸುವ ವರ್ಡ್‌ಪ್ರೆಸ್, ದ್ರುಪಲ್‌ನಂಥ ತಂತ್ರಾಂಶ ಬಂದು ಆ ಕಷ್ಟ ಹೋಯಿತು. ಯಾವ ಜಾಗಕ್ಕೆ ಬೀಗ, ಯಾವುದು ತೆರೆದದ್ದು ಅನ್ನುವ ಪ್ರಶ್ನೆ ಮಾತ್ರ ಹಾಗೇ ಉಳಿದಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮುಖಪುಟದಲ್ಲಿ ಜಾರುವ ಚಿತ್ರಗಳ ವಿಷಯ ಮಾತಾಡಲೇಬೇಕು. ಸ್ಲೈಡರ್. ಇದಿಲ್ಲದ ಟೆಂಪ್ಲೇಟನ್ನು ಯಾವ ಸಮಿತಿಯೂ ಒಪ್ಪುವುದಿಲ್ಲ. ಅಮೆರಿಕದ ನೋಟರ್ ಡೇಮ್ ವಿಶ್ವವಿದ್ಯಾಲಯದ ವೆಬ್ ತಂಡದವರೊಬ್ಬರು ತಮ್ಮದೇ ಮುಖಪುಟದ ಲೆಕ್ಕ ತೆಗೆದು 2013ರಲ್ಲಿ ಬರೆದರು. ಪುಟಕ್ಕೆ ಬಂದವರಲ್ಲಿ ಸ್ಲೈಡರಿನ ಮೇಲೆ ಕ್ಲಿಕ್ ಮಾಡಿದವರು ಸುಮಾರು ಶೇ. 1. ಆ ಕ್ಲಿಕ್ಕುಗಳಲ್ಲಿ ಶೇ. 84 ಮೊದಲ ಚಿತ್ರಕ್ಕೇ. ಉಳಿದ ನಾಲ್ಕು ಚಿತ್ರಗಳಿಗೆ ತಲಾ ಶೇ. 4ರ ಆಸುಪಾಸು. ನಾಲ್ಕನೆಯ ಚಿತ್ರದಲ್ಲಿ ನಿಮ್ಮ ವಿಚಾರ ಸಂಕಿರಣ ಹಾಕಿಸಿಕೊಳ್ಳಲು ಎಷ್ಟು ಫೋನ್ ಮಾಡಿದ್ದೀರಿ ಅಂತ ಒಮ್ಮೆ ನೆನಪಿಸಿಕೊಳ್ಳಿ. ಸ್ಲೈಡರ್ ನಿಜವಾಗಿ ಮಾಡುವ ಕೆಲಸ ಬೇರೆ. ಐದು ನಿಕಾಯಗಳ ಡೀನರಿಗೆ "ನಿಮ್ಮದೂ ಮುಖಪುಟದಲ್ಲಿ ಇದೆ ಸರ್" ಅಂತ ಹೇಳಲು ಅದು ಬೇಕು. ಶಾಂತಿ ಕಾಪಾಡುವ ಯಂತ್ರ ಅದು, ಮಾಹಿತಿ ಕೊಡುವ ಯಂತ್ರವಲ್ಲ. ಇದನ್ನು ಒಪ್ಪಿಕೊಂಡೇ ಇಟ್ಟುಕೊಳ್ಳುತ್ತೀರಿ ಅಂದರೆ ಇಟ್ಟುಕೊಳ್ಳಿ, ಆದರೆ ನಿಲ್ಲಿಸುವ ಗುಂಡಿ ಇರಲಿ. ತಾನಾಗಿ ಶುರುವಾಗಿ, ಬೇರೆ ವಿಷಯದ ಪಕ್ಕದಲ್ಲೇ 5 ಸೆಕೆಂಡಿಗಿಂತ ಜಾಸ್ತಿ ಓಡುವ ಯಾವುದನ್ನೇ ಆಗಲಿ ಓದುಗ ನಿಲ್ಲಿಸಲು ಆಗಬೇಕು ಅಂತ ವೆಬ್ ಸುಗಮತೆಯ, ಅಂದರೆ ಅಂಗವಿಕಲರಿಗೂ ಸೈಟ್ ಬಳಸಲು ಬರುವ ಹಾಗೆ ಮಾಡುವ, ನಿಯಮವೇ ಇದೆ. ಅಡ್ಡಡ್ಡ ಓಡುವ ನೋಟಿಸಿನ ಪಟ್ಟಿಗೂ ಇದೇ ಅನ್ವಯ. ಅದರ ಪಕ್ಕದಲ್ಲಿ ಮಿನುಗುವ "ಹೊಸದು" ಗುರುತು ಇರುತ್ತದಲ್ಲ, ಅದನ್ನು ದಯವಿಟ್ಟು ತೆಗೆಯಿರಿ. ಎಲ್ಲವೂ ಹೊಸದು ಅಂತ ಮಿನುಗಿದರೆ ಯಾವುದು ಹೊಸದು?

ಸುಗಮತೆ ಅಂದೆ. ಈ ನಿಯಮಗಳ (WCAG) ಮೊದಲ ಆವೃತ್ತಿ ಬಂದದ್ದು 1999ರಲ್ಲಿ. 2008ರಲ್ಲಿ 2.0, 2018ರಲ್ಲಿ 2.1, 2023ರಲ್ಲಿ 2.2. ಟೆಂಪ್ಲೇಟ್ ಮಾರುವವರು "ನಮ್ಮದು ಸುಗಮತೆಗೆ ಸಿದ್ಧ" ಅಂತ ಬರೆದುಕೊಂಡಿರುತ್ತಾರೆ. ನಂಬಬೇಡಿ, ಪರೀಕ್ಷೆ ಮಾಡಿ. ಉಪಕರಣ ಏನೂ ಬೇಡ. ಮೌಸನ್ನು ಪಕ್ಕಕ್ಕಿಟ್ಟು ಟ್ಯಾಬ್ ಕೀ ಒತ್ತಿ. ಮೊದಲನೆಯ ಸಲ ಒತ್ತಿದಾಗಲೇ "ಮುಖ್ಯ ವಿಷಯಕ್ಕೆ ಹೋಗಿ" ಅನ್ನುವ ಕೊಂಡಿ ಕಾಣಬೇಕು. ಒತ್ತುತ್ತಾ ಹೋಗಿ. ಈಗ ಎಲ್ಲಿದ್ದೀರಿ ಅಂತ ತೋರಿಸುವ ಚೌಕಟ್ಟು ಪ್ರತಿ ಕೊಂಡಿಯ ಸುತ್ತಲೂ ಕಾಣುತ್ತಿದೆಯಾ? ಎಷ್ಟೋ ಟೆಂಪ್ಲೇಟುಗಳಲ್ಲಿ ಆ ಚೌಕಟ್ಟು ಚೆಂದ ಕಾಣಲ್ಲ ಅಂತ ವಿನ್ಯಾಸ ಮಾಡಿದವರೇ ತೆಗೆದುಹಾಕಿರುತ್ತಾರೆ. ಕೈ ನಡುಗುವವರು, ಮೌಸ್ ಹಿಡಿಯಲಾಗದವರು, ಕೀಬೋರ್ಡಿನಲ್ಲೇ ಓಡಾಡುವವರು ಅಲ್ಲಿಗೆ ಕತ್ತಲಲ್ಲಿ ತಡಕಾಡಿದ ಹಾಗೆ. ನಾನು ಒಂದು ಡೆಮೊದಲ್ಲಿ ಎಣಿಸಿದ್ದೆ: ಮೊದಲ ನೋಟಿಸಿಗೆ ತಲುಪಲು 62 ಸಲ ಟ್ಯಾಬ್ ಒತ್ತಬೇಕಾಯಿತು, ಅಷ್ಟು ದೊಡ್ಡ ಮೆನು. ನೋಟಿಸು ತಲುಪುವ ಹೊತ್ತಿಗೆ ಅರ್ಜಿಯ ಕೊನೆಯ ದಿನವೇ ಕಳೆದಿರುತ್ತದೆ!

ಇನ್ನೊಂದು ವಿಷಯ ಬಣ್ಣ. ಈಗಿನ ಟೆಂಪ್ಲೇಟುಗಳಿಗೆ ತೆಳು ಬೂದು ಅಕ್ಷರದ ಮೇಲೆ ಏನೋ ಮೋಹ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5ಕ್ಕೆ 1ರ ಅಂತರ ಬೇಕು. ಬಿಳಿಯ ಮೇಲೆ ಕಪ್ಪು ಅಂದರೆ 21. ಬಿಳಿಯ ಮೇಲೆ 767676 ಎಂಬ ಸಂಕೇತದ ಬೂದು ಬಣ್ಣ 4.54, ಹಾಗೂ ಹೀಗೂ ಪಾಸು. 999999 ಅಂದರೆ 2.85ಕ್ಕೆ ಇಳಿಯಿತು, ನಪಾಸು. ಟೆಂಪ್ಲೇಟಿನಲ್ಲಿ ದಿನಾಂಕ ಬರೆಯುವುದು ಸಾಮಾನ್ಯವಾಗಿ ಈ ನಪಾಸಾದ ಬಣ್ಣದಲ್ಲೇ. ವಿಶ್ವವಿದ್ಯಾಲಯದ ಸೈಟಿಗೆ ಜನ ಬರುವುದೇ ದಿನಾಂಕ ನೋಡಲು, ಅಲ್ವಾ?

ಅಚ್ಚು ಸರಿ ಇದ್ದರೆ ಎಲ್ಲ ಸರಿ ಅಂತಲೂ ಅಲ್ಲ. ಸ್ವಲ್ಪ ಪಕ್ಕದ ವಿಷಯ, ಆದರೂ ಹೇಳುತ್ತೇನೆ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ತನ್ನ ಪಾಠಗಳ ವಿಡಿಯೊ, ಆಡಿಯೊಗಳನ್ನು ಎಲ್ಲರಿಗೂ ಉಚಿತವಾಗಿ ಇಟ್ಟಿತ್ತು. ಅವುಗಳಲ್ಲಿ ಹೆಚ್ಚಿನವಕ್ಕೆ ಸರಿಯಾದ ಶೀರ್ಷಿಕೆಪಠ್ಯ (ಆಡಿದ ಮಾತನ್ನು ಬರಹದಲ್ಲಿ ತೋರಿಸುವ ಸಾಲುಗಳು) ಇರಲಿಲ್ಲ, ಕಿವಿ ಕೇಳದವರಿಗೆ ಪ್ರಯೋಜನವಿಲ್ಲ ಅಂತ ದೂರು ಹೋಯಿತು. 2016ರಲ್ಲಿ ಅಮೆರಿಕದ ನ್ಯಾಯ ಇಲಾಖೆ ದೂರು ಸರಿ ಅಂದಿತು. 2017ರಲ್ಲಿ ವಿಶ್ವವಿದ್ಯಾಲಯ 20,000ಕ್ಕೂ ಹೆಚ್ಚು ಕಡತಗಳನ್ನು ಸಾರ್ವಜನಿಕರ ಕಣ್ಣಿಂದ ತೆಗೆದುಬಿಟ್ಟಿತು. ಎಲ್ಲರಿಗೂ ನಷ್ಟ. ವಿಡಿಯೊ ಹಾಕುವ ಜಾಗದಲ್ಲಿ "ಶೀರ್ಷಿಕೆಪಠ್ಯದ ಕಡತ ಇಲ್ಲಿ ಹಾಕಿ" ಅನ್ನುವ ಖಾನೆಯನ್ನು ಟೆಂಪ್ಲೇಟ್ ಮೊದಲ ದಿನದಿಂದಲೇ ಕೇಳಿದರೆ ಕೆಲಸ ಸ್ವಲ್ಪ ಸ್ವಲ್ಪವಾಗಿ ಆಗುತ್ತದೆ. 20,000 ಕೂಡಿಬಿದ್ದ ಮೇಲೆ ಯಾರ ಕೈಯಲ್ಲಿ ಆಗುತ್ತದೆ?

ಕನ್ನಡದಲ್ಲಿ ಪುಟ ಮಾಡುವವರಿಗೆ ಬೇರೆಯದೇ ತಲೆನೋವು. ಟೆಂಪ್ಲೇಟುಗಳ ಸಾಲಿನ ಅಂತರವನ್ನು ಇಂಗ್ಲಿಷ್ ಅಕ್ಷರ ನೋಡಿ ಇಟ್ಟಿರುತ್ತಾರೆ. ಅದಕ್ಕೆ ಕೆಳಗೆ ಇಳಿಯುವ ಒತ್ತಕ್ಷರ ಗೊತ್ತಿಲ್ಲ. ಗುಂಡಿಯ ಮೇಲೆ "ರಾಷ್ಟ್ರೀಯ" ಅಂತ ಬರೆದು ನೋಡಿ. ಗುಂಡಿಯ ಎತ್ತರ ಕಟ್ಟಿಹಾಕಿದ್ದರೆ ಟ ಒತ್ತು ಅರ್ಧ, ರ ಒತ್ತು ಪೂರ್ತಿ ಮಾಯ. ಅಕ್ಷರಗಳ ನಡುವೆ ಜಾಗ ಬಿಡುವ ಅಲಂಕಾರವನ್ನು ತೆಗೆಯಿರಿ, ಕನ್ನಡದಲ್ಲಿ ಅದು ಉದುರಿದ ಹಲ್ಲಿನ ಹಾಗೆ ಕಾಣುತ್ತದೆ. ಮೆನುವನ್ನು ಬೇರೆ ಮಾಡಿ ತೋರಿಸಲು ದೊಡ್ಡಕ್ಷರ ಬಳಸುವ ಟೆಂಪ್ಲೇಟುಗಳು ಬಹಳ. ನಮ್ಮಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಇಲ್ಲವೇ ಇಲ್ಲ, ಹಾಗಾಗಿ ಮೆನು ಯಾವುದು, ಮಾತು ಯಾವುದು ಅಂತ ಗೊತ್ತಾಗದೆ ಹೋಗುತ್ತದೆ. ಇವೆಲ್ಲ ಕಣ್ಣಿಗೆ ಕಾಣುವ ತಪ್ಪು. ಕಾಣದ ಒಂದಿದೆ. ಪುಟದ ಹಿಂದಿರುವ ಕೋಡಿನ ಆರಂಭದಲ್ಲೇ "ಇದು ಇಂತಹ ಭಾಷೆ" ಅಂತ ಒಂದು ಗುರುತು ಇರುತ್ತದೆ. ಟೆಂಪ್ಲೇಟಿನಲ್ಲಿ ಅದು ಇಂಗ್ಲಿಷ್ ಅಂತಲೇ ಇರುತ್ತದೆ, ಯಾರೂ ಬದಲಿಸುವುದಿಲ್ಲ. ಕಣ್ಣು ಕಾಣದವರಿಗೆ ಪರದೆ ಓದಿ ಹೇಳುವ ತಂತ್ರಾಂಶ, ಸ್ಕ್ರೀನ್ ರೀಡರ್, ಆ ಗುರುತನ್ನು ನಂಬಿ ಕನ್ನಡ ಪುಟವನ್ನು ಇಂಗ್ಲಿಷ್ ದನಿಯಲ್ಲಿ ಓದಲು ಹೊರಡುತ್ತದೆ. ಕೆಲವು ಸಲ ಸುಮ್ನೆ ಇದ್ದುಬಿಡುತ್ತದೆ. ಎರಡಕ್ಷರದ ಒಂದು ಗುರುತು ಬದಲಿಸುವ ಕೆಲಸ ಅದು.

ಇನ್ನು ಟೆಂಪ್ಲೇಟಿನ ಜೊತೆ ಬರುವ ಸಾಮಾನು. ಮೇಲೆ ಥಳುಕು, ಒಳಗೆ ಹುಳುಕು ಅಂತಾರಲ್ಲ. 2014ರಲ್ಲಿ ವರ್ಡ್‌ಪ್ರೆಸ್ಸಿನ ಸ್ಲೈಡರ್ ರೆವಲ್ಯೂಷನ್ ಎಂಬ ಪ್ಲಗಿನ್ನಿನಲ್ಲಿದ್ದ (ಸೈಟಿಗೆ ಸೇರಿಸುವ ಹೆಚ್ಚುವರಿ ತಂತ್ರಾಂಶ) ತೂತಿನಿಂದ ಒಂದು ಲಕ್ಷಕ್ಕೂ ಹೆಚ್ಚು ಸೈಟುಗಳಿಗೆ ಮಾಲ್‌ವೇರ್ ನುಗ್ಗಿತು. ಗೂಗಲ್ 11,000ಕ್ಕೂ ಹೆಚ್ಚು ಡೊಮೇನ್‌ಗಳನ್ನು ಕಪ್ಪುಪಟ್ಟಿಗೆ ಹಾಕಿತು. ಇದರಲ್ಲಿ ಗಮನಿಸಬೇಕಾದ್ದು ಒಂದಿದೆ. ಪ್ಲಗಿನ್ ಮಾಡಿದವರು ಅದೇ ವರ್ಷದ ಆರಂಭದಲ್ಲೇ ತೂತು ಮುಚ್ಚಿದ್ದರು. ಆದರೆ ಆ ಪ್ಲಗಿನ್ ಎಷ್ಟೋ ಥೀಮುಗಳ ಹೊಟ್ಟೆಯೊಳಗೇ ಸೇರಿಕೊಂಡು ಬಂದಿತ್ತು. ಥೀಮ್ ಕೊಂಡವರಿಗೆ ತಮ್ಮ ಸೈಟಿನಲ್ಲಿ ಅದು ಇದೆ ಅಂತಲೇ ಗೊತ್ತಿರಲಿಲ್ಲ, ಅಪ್‌ಡೇಟ್ ಬಂದಿದ್ದು ತಿಳಿಯುವುದು ಎಲ್ಲಿಂದ? 2011ರಲ್ಲಿ ಟಿಮ್‌ಥಂಬ್ ಎಂಬ, ಚಿತ್ರದ ಗಾತ್ರ ಬದಲಿಸುವ ಪುಟ್ಟ ಕಡತದಿಂದಲೂ ಇದೇ ಕಥೆ ನಡೆದಿತ್ತು. ಹಾಗಾಗಿ ಟೆಂಪ್ಲೇಟ್ ನೋಡುವಾಗ ಅದರ ಜೊತೆ ಏನೇನು ಬರುತ್ತದೆ ಅಂತ ಪಟ್ಟಿ ಕೇಳಿ. ಕೊನೆಯ ಅಪ್‌ಡೇಟ್ ಯಾವಾಗ ಅಂತ ನೋಡಿ. ಯಾರೋ ಉಚಿತವಾಗಿ ಹಂಚುತ್ತಿರುವ ಕದ್ದ ಪ್ರತಿಯ ಹತ್ತಿರ ಸುಳಿಯಲೇಬೇಡಿ.

ವಯಸ್ಸಿನ ಲೆಕ್ಕವೂ ಇರಲಿ. ದ್ರುಪಲ್ 7 ಬಂದದ್ದು 2011ರಲ್ಲಿ, 8 ಬಂದದ್ದು 2015ರಲ್ಲಿ. 8ರಲ್ಲಿ ಟೆಂಪ್ಲೇಟ್ ಬರೆಯುವ ಪದ್ಧತಿಯೇ ಬದಲಾಯಿತು. 7ರ ಥೀಮನ್ನು ಹಾಗೇ ಎತ್ತಿ ಇಡಲು ಆಗುತ್ತಿರಲಿಲ್ಲ, ಹೊಸದಾಗಿ ಬರೆಯಬೇಕಿತ್ತು. ಎಷ್ಟೋ ಸಂಸ್ಥೆಗಳು ಅಲ್ಲೇ ಕೂತವು. 7ಕ್ಕೆ ಬೆಂಬಲ ನಿಲ್ಲಿಸುವ ದಿನಾಂಕ ಮುಂದೆ ಹೋಗುತ್ತಾ ಹೋಗಿ ಕೊನೆಗೆ 2025ರ ಜನವರಿ 5ಕ್ಕೆ ಮುಗಿಯಿತು. ನೀವು ಇವತ್ತು ಆರಿಸುವ ಟೆಂಪ್ಲೇಟ್ ಇನ್ನು ಹತ್ತು ವರ್ಷವಾದರೂ ಅಲ್ಲಿರುತ್ತದೆ. ಮೂರು ವರ್ಷಕ್ಕೆ ಬದಲಿಸುತ್ತೇವೆ ಅಂತ ಹೇಳಿದ ಯಾರೂ ಬದಲಿಸಿದ್ದು ನಾನು ನೋಡಿಲ್ಲ.

ಇಲ್ಲಿ ಒಬ್ಬರು ಕೇಳಿದರು: ಹಾಗಾದರೆ ಎಲ್ಲದಕ್ಕೂ ಬೀಗ ಹಾಕಿಬಿಟ್ಟರೆ ಆಗಲ್ವಾ ಅಂತ. ಬಣ್ಣ, ಅಕ್ಷರ, ಜಾಗ ಯಾವುದನ್ನೂ ವಿಭಾಗದವರು ಮುಟ್ಟಬಾರದು. ಮಾಡಿ ನೋಡಿದ್ದೇವೆ. ಒಂದೇ ವರ್ಷದಲ್ಲಿ ಒಂದು ವಿಭಾಗ ಹೊರಗೆ ಉಚಿತ ಜಾಗದಲ್ಲಿ ತನ್ನದೇ ಸೈಟ್ ಕಟ್ಟಿಕೊಂಡಿತು. ಅವರದ್ದೂ ತಪ್ಪಲ್ಲ. ಪ್ರಯೋಗಾಲಯದ ಉಪಕರಣಗಳ ಪಟ್ಟಿ ಹಾಕಲು ಒಂದು ಕೋಷ್ಟಕ ಬೇಕಿತ್ತು, ನಮ್ಮ ಅಚ್ಚಿನಲ್ಲಿ ಕೋಷ್ಟಕಕ್ಕೇ ಬೀಗ. ಆ ಸೈಟ್ ಮಾಡಿದ ವಿದ್ಯಾರ್ಥಿ ಪದವಿ ಮುಗಿಸಿ ಹೋದ, ಪಾಸ್‌ವರ್ಡ್ ಅವನ ಜೊತೆ ಹೋಯಿತು. ಹಳೆಯ ಮುಖ್ಯಸ್ಥರ ಹೆಸರು ಹೊತ್ತ ಆ ಸೈಟ್ ಹುಡುಕಾಟದಲ್ಲಿ ನಮ್ಮ ಅಧಿಕೃತ ಪುಟಕ್ಕಿಂತ ಮೇಲೆ ಬರುತ್ತಿತ್ತು. ಬೀಗವೇ ಇಲ್ಲದಿದ್ದರೆ ಏನಾಗುತ್ತದೆ ಅಂತ ನಾನು ಹೇಳಬೇಕಿಲ್ಲ. ಕೆಂಪು ದಪ್ಪಕ್ಷರ, ಹಳದಿ ಹಿನ್ನೆಲೆ, ಅದರೊಳಗೆ ಅಡಿಗೆರೆ. ಈಗ ನಾನು ಪಾಲಿಸುವುದು ಹೀಗೆ: ಹೇಗೆ ಕಾಣಬೇಕು ಅನ್ನುವುದಕ್ಕೆ ಬೀಗ, ಏನು ಹೇಳಬೇಕು ಅನ್ನುವುದಕ್ಕೆ ಬೀಗವಿಲ್ಲ. ಕೋಷ್ಟಕ, ಪಟ್ಟಿ, ಚಿತ್ರ, ಪ್ರಶ್ನೋತ್ತರ, ಕಡತದ ಕೊಂಡಿ ಇಂಥ ಹತ್ತು ಹನ್ನೆರಡು ತುಂಡುಗಳನ್ನು ಸಿದ್ಧವಾಗಿ ಕೊಟ್ಟು, ಬೇಕಾದ ಹಾಗೆ ಜೋಡಿಸಿಕೊಳ್ಳಿ ಅನ್ನುತ್ತೇನೆ. ಖಾಲಿ ಬಿಟ್ಟ ತುಂಡು ಪುಟದಲ್ಲಿ ಕಾಣಲೇಬಾರದು. "ಶೀಘ್ರದಲ್ಲೇ" ಕಥೆಯಿಂದ ಕಲಿತದ್ದು ಅದು.

ಆಮೇಲೆ ತುಂಬುವವರು ಯಾರು ಅಂತ ನೋಡಿ. ಹೆಚ್ಚಿನ ಕಡೆ ವಿಭಾಗದ ಕಚೇರಿಯಲ್ಲಿ ಒಬ್ಬರು ಇರುತ್ತಾರೆ. ಪ್ರವೇಶಾತಿ, ಹಾಜರಾತಿ, ಬಿಲ್ಲು ಎಲ್ಲ ಅವರದ್ದೇ, ಇದೂ ಅವರ ತಲೆಗೇ. ಸಂಜೆ ನಾಲ್ಕೂವರೆಗೆ ಮುಖ್ಯಸ್ಥರು ಒಂದು ವರ್ಡ್ ಕಡತ ಕಳಿಸಿ "ವೆಬ್‌ಸೈಟಿಗೆ ಹಾಕಿ" ಅನ್ನುತ್ತಾರೆ. ಅವರು ಎಲ್ಲವನ್ನೂ ನಕಲಿಸಿ ಅಂಟಿಸುತ್ತಾರೆ, ವರ್ಡಿನ ಬಣ್ಣ, ಗಾತ್ರ ಎಲ್ಲ ಹಿಂದೆಯೇ ಬರುತ್ತವೆ. ಅಂಟಿಸುವಾಗಲೇ ಆ ಕಸವನ್ನೆಲ್ಲ ಉದುರಿಸುವ ವ್ಯವಸ್ಥೆ ಪುಟ ಬರೆಯುವ ಎಡಿಟರಿನಲ್ಲಿ ಇರಬೇಕು. ಡೆಮೊ ನೋಡಲು ಇವರನ್ನು ಕರೆಯಿರಿ. ನಿಜವಾಗಿ ಹೇಳುತ್ತೇನೆ, ಡೀನರನ್ನು ಬಿಟ್ಟರೂ ಪರವಾಗಿಲ್ಲ, ಇವರನ್ನು ಕರೆಯಿರಿ. ಒಂದು ನೋಟಿಸು ಕೊಟ್ಟು, ಏನೂ ಹೇಳಿಕೊಡದೆ, "ಇದನ್ನು ಹಾಕಿ ನೋಡೋಣ ಮೇಡಂ" ಅಂದು ಸುಮ್ಮನೆ ಪಕ್ಕದಲ್ಲಿ ಕೂತಿರಿ. ಎಲ್ಲಿ ಕೈ ನಿಲ್ಲುತ್ತದೆ ಅಂತ ಬರೆದುಕೊಳ್ಳಿ. ನಾನು ಹೀಗೆ ಕೂತಾಗ ಒಬ್ಬರು, ಎರಡನೆಯ ದರ್ಜೆಯ ಶೀರ್ಷಿಕೆ ಬರಬೇಕಾದ ಕಡೆ, ಉಪಶೀರ್ಷಿಕೆಗೆ ನಾಲ್ಕನೆಯ ದರ್ಜೆ ಆರಿಸಿದರು. ಯಾಕೆ ಅಂತ ಕೇಳಿದೆ. "ಎರಡನೆಯದು ತುಂಬ ದಪ್ಪ ಕಾಣುತ್ತೆ ಸರ್" ಅಂದರು. ಸರಿಯಾದ ಮಾತು, ನಮ್ಮ ಎರಡನೆಯ ದರ್ಜೆ ನಿಜಕ್ಕೂ ರಾಕ್ಷಸ ಗಾತ್ರದ್ದು. ಶೀರ್ಷಿಕೆಗಳ ಮೇಲೇ ಹಾರುತ್ತಾ ಓದುವ ಸ್ಕ್ರೀನ್ ರೀಡರಿನವರಿಗೆ ನಡುವೆ ಎರಡು ಮೆಟ್ಟಿಲು ಕಾಣೆ. ಅವರಿಗೆ ತರಬೇತಿ ಕೊಡುವ ಬದಲು ನಾವು ಎರಡನೆಯ ದರ್ಜೆಯ ಗಾತ್ರ ಇಳಿಸಿದೆವು. ಅರ್ಧ ಗಂಟೆಯ ಕೆಲಸ.

ಕೊನೆಯದಾಗಿ ಹಳೆಯದರಿಂದ ಹೊಸದಕ್ಕೆ ಹೋಗುವ ದಿನ. ಟೆಂಪ್ಲೇಟ್ ಬದಲಾದರೆ ಪುಟಗಳ ವಿಳಾಸ ಬದಲಾಗಬೇಕಿಲ್ಲ, ಆದರೆ ಬಹಳ ಸಲ ಬದಲಾಗಿಬಿಡುತ್ತದೆ. ವಿಳಾಸ ಬದಲಿಸಬೇಡಿ ಅಂತ ವೆಬ್ಬನ್ನು ಕಟ್ಟಿದ ಟಿಮ್ ಬರ್ನರ್ಸ್-ಲೀ 1998ರಲ್ಲೇ ಬರೆದಿದ್ದರು. ವಿಶ್ವವಿದ್ಯಾಲಯಕ್ಕಂತೂ ಇದು ಜಾಸ್ತಿ ಮುಖ್ಯ. ನಮ್ಮ ವಿಳಾಸಗಳು ಬೇರೆಯವರ ಪ್ರಬಂಧಗಳ ಅಡಿಟಿಪ್ಪಣಿಯಲ್ಲಿ, ಅಚ್ಚಾದ ಕೈಪಿಡಿಗಳಲ್ಲಿ ಕೂತಿರುತ್ತವೆ. ಹಳೆಯ ವಿಳಾಸಗಳ ಪಟ್ಟಿ ಮೊದಲೇ ತೆಗೆದಿಡಿ, ಬದಲಾದದ್ದಕ್ಕೆ ಶಾಶ್ವತ ಮರುನಿರ್ದೇಶನ (ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳಿಸುವ ಏರ್ಪಾಡು) ಹಾಕಿ, ಮೊದಲ ಒಂದು ತಿಂಗಳು "ಪುಟ ಸಿಗಲಿಲ್ಲ" ದಾಖಲೆಯನ್ನು ದಿನಾ ಬೆಳಗ್ಗೆ ತೆರೆದು ನೋಡಿ. ನಾವು ಬದಲಿಸಿದಾಗ ಆ ದಾಖಲೆಯ ಮೇಲ್ತುದಿಯಲ್ಲಿ ಒಂದು ಪಠ್ಯಕ್ರಮದ ಪಿಡಿಎಫ್ ಇತ್ತು. ಯಾರೋ ಯಾವಾಗಲೋ ಕಡತದ ಹೆಸರಿನಲ್ಲಿ ಸಿಲಬಸ್ ಅನ್ನುವುದನ್ನೇ ತಪ್ಪು ಕಾಗುಣಿತದಲ್ಲಿ ಬರೆದಿದ್ದರು. ಹೊಸ ಸೈಟಿಗೆ ಸಾಗಿಸುವಾಗ ಒಬ್ಬ ಶಿಸ್ತಿನ ಹುಡುಗ ಅದನ್ನು ತಿದ್ದಿದ್ದ. ತಪ್ಪು ಹೆಸರಿನ ಕೊಂಡಿ ಎಷ್ಟು ಕಡೆ ಹರಡಿತ್ತೋ, ದಿನಕ್ಕೆ ನೂರಾರು ಜನ ಬಂದು ಬರಿಗೈಲಿ ವಾಪಸ್ ಹೋಗುತ್ತಿದ್ದರು. ಮೂರನೆಯ ದಿನ ಅದೇ ತಪ್ಪು ಹೆಸರಿನಲ್ಲಿ ಕಡತವನ್ನು ಮತ್ತೆ ಇಟ್ಟೆವು. ಈಗಲೂ ಹಾಗೇ ಇದೆ.